ಜುಗೂಳದ ದೋಣಿಯೂ ಒಂದು ಸೀಸೆಯೂ

ಕೆಲವು ವರುಷಗಳ ಹಿಂದಿನ ಮಾತು. ಕಾರ್ತಿಕ ಮಾಸದ ಒಂದು ಮುಂಜಾನೆ ನಾವು ಧಾರವಾಡದಿಂದ ಖಿದ್ರಾಪುರದ ಕೋಪೇಶ್ವರನ ದರ್ಶನಕ್ಕೆಂದು ಹೊರಟೆವು. ನಾನು, ನನ್ನ ಮನೆಯವರು, ಮಕ್ಕಳಿಬ್ಬರು. ಜೊತೆಗೆ ಮುಂಬಯಿಯಿಂದ ಬಂದಿದ್ದ ನನ್ನ ಹೆಂಡತಿಯ ತಮ್ಮ. ಈತನಿಗೆ ಹಾಯಿದೋಣಿಯ ಹುಚ್ಚು. ರವಿವಾರ ಬಂದಿತೆಂದರೆ ಗೆಳೆಯರೊಡನೆ ಮುಂಬಯಿ ಬಂದರಿನ ನೀರಿನ ಮೇಲೆಯೇ ಇರುತ್ತಾನೆ. ನದಿಯನ್ನು ದೋಣಿಯಲ್ಲಿ ದಾಟುವುದಿದೆ ಎಂದು ಕೇಳಿದೊಡನೆ ಮಕ್ಕಳಿಗಿಂತ ಮೊದಲು ಬಂಡಿಯೇರಿ ಕುಳಿತವನು ಅವನೇ.

ನಿಪ್ಪಾಣಿಯಲ್ಲಿ ಹೆದ್ದಾರಿಯನ್ನು ಬಿಟ್ಟು ಚಿಕ್ಕೋಡಿಯ ಹಾದಿ ಹಿಡಿದೆವು. ನಿಪ್ಪಾಣಿಯ ಸುತ್ತಲಿನ ಹೊಲಗಳಲ್ಲಿ ಬೀಡಿಯ ತಂಬಾಕು. ಚಿಕ್ಕೋಡಿ ಕಳೆದು ಅಂಕಲಿಯ ಬಳಿ ಕೃಷ್ಣೆಯನ್ನು ದಾಟಿದರೆ ಎತ್ತ ನೋಡಿದರೂ ಕಬ್ಬು. ರಾಯಬಾಗ, ಅಥಣಿ, ಕಾಗವಾಡಗಳ ಹೊಳೆದಂಡೆಯ ಸೀಮೆಯೆಲ್ಲ ಈ ಒಂದು ಬೆಳೆಯಿಂದಲೇ ಹಸುರು. ಕಾರ್ಖಾನೆಗೆ ಕಬ್ಬು ಹೊತ್ತು ಸಾಗುವ ಬಂಡಿಗಳ ಸಾಲಿನ ಹಿಂದೆ ನಮ್ಮ ವಾಹನವೂ ಬಸವನಹುಳುವಿನಂತೆ ತೆವಳಿತು. ಉಗಾರಖುರ್ದದ ಸಕ್ಕರೆ ಕಾರ್ಖಾನೆ 1939ರಷ್ಟು ಹಳೆಯದು. ಕಬ್ಬಿನ ರಸದಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಕಾಕಂಬಿಯನ್ನು ಹುಳಿಯಿಸಿ, ಬಟ್ಟಿಯಿಳಿಸಿ ಮದ್ಯಸಾರ ಮಾಡುವ ಉದ್ಯಮವೂ ಅಲ್ಲಿ ಬೆಳೆದಿದೆ.

“ಅಕ್ಕಾ, ಈ ಕಬ್ಬಿಗೂ ಹಡಗಿಗೂ ಹಳೆಯ ನಂಟು” ಎಂದು ಅವನು ಕಥೆ ತೆಗೆದನು. ರಮ್ ಎಂಬುದು ಕಾಕಂಬಿಯ ಮಗಳೇ ಅಲ್ಲವೆ? ಇಂಗ್ಲಿಷರ ನೌಕಾಪಡೆಯಲ್ಲಿ ನಾವಿಕರಿಗೆ ದಿನವೂ ರಮ್ ಅಳೆದುಕೊಡುವ ಪದ್ಧತಿಯಿದ್ದಿತು. ಕುಡಿದವರು ಹಗ್ಗ ಹತ್ತಿ ಕೆಳಗೆ ಬೀಳತೊಡಗಿದಾಗ 1740ರಲ್ಲಿ ವರ್ನನ್ ಎಂಬ ನೌಕಾಧಿಪತಿ ಒಂದು ಪಾಲು ರಮ್ಮಿಗೆ ನಾಲ್ಕು ಪಾಲು ನೀರು ಬೆರೆಸಿ, ಎರಡು ಹೊತ್ತಿಗೆ ಹಂಚಿ ಕೊಡಬೇಕೆಂದು ಆಜ್ಞೆ ಮಾಡಿದನು. ಒರಟು ಬಟ್ಟೆಯ ನಿಲುವಂಗಿ ತೊಡುತ್ತಿದ್ದ ಆತನ ಅಡ್ಡಹೆಸರಿನಿಂದಲೇ ಆ ನೀರುಮದ್ಯಕ್ಕೆ ‘ಗ್ರಾಗ್’ ಎಂಬ ಹೆಸರು ಬಂದಿತು. ಯಂತ್ರಗಳು ತುಂಬಿದ ಹೊಸ ಕಾಲದ ಹಡಗಿಗೆ ಅದೂ ತಕ್ಕುದಲ್ಲವೆಂದು 1970ರ ಜುಲೈ 31ರಂದು ಆ ಪದ್ಧತಿಯನ್ನೇ ನಿಲ್ಲಿಸಿಬಿಟ್ಟರು.

ಹೀಗೆ ಮಾತನಾಡುತ್ತ ಕಾಗವಾಡವನ್ನು ಕಳೆದು ಜುಗೂಳದ ದಂಡೆಗೆ ಬಂದೆವು. ಮಳೆಗಾಲದ ಕೆಂಪು ಇಳಿದು ಕೃಷ್ಣೆ ತಿಳಿಯಾಗಿದ್ದಳು. ಆಚೆ ದಡ ಮಹಾರಾಷ್ಟ್ರ. ಹರಿಯುವ ನೀರಿಗೆ ಮಾತ್ರ ಆ ಗಡಿಯ ಪರಿವೆಯಿಲ್ಲ. ದೋಣಿಯಲ್ಲಿ ಕುಳಿತವರ ಬಾಯಲ್ಲಿ ಕನ್ನಡವೂ ಮರಾಠಿಯೂ ಒಂದರೊಳಗೊಂದು ಬೆರೆತಿದ್ದವು.

ದೋಣಿ ಏರುವಾಗ ನಮ್ಮ ನಾವಿಕನ ಕೈಚೀಲದಿಂದ ‘ಕಣ್’ ಎಂದು ಗಾಜಿನ ಸದ್ದಾಯಿತು. ಮುದುಕನಾದ ಅಂಬಿಗ ತಲೆಯೆತ್ತಿದನು.

“ಸಾಹೇಬ್ರ, ಅದೇನ್ರಿ ಚೀಲದಾಗ?”

“ಏನಿಲ್ಲ ಕಾಕಾ, ಸಂಜೆಗೆಂದು ತಂದದ್ದು. ಒಡೆದಿಲ್ಲ, ಮುಚ್ಚಳ ಹಾಗೆಯೇ ಇದೆ.”

“ಅದನ್ನ ದಂಡೀಗಿ ಇಟ್ಟ ಬರ್ರಿ. ಅದು ಬರತೈತಿ ಅಂದ್ರ ನಾ ದೋಣಿ ಬಿಡಂಗಿಲ್ಲ.”

ಮಕ್ಕಳ ಮುಂದೆ ಅವನ ಮುಖ ಕೆಂಪಾಯಿತು. ಬಾಡಿಗೆ ಎರಡರಷ್ಟು ಕೊಡುವೆನೆಂದನು. ಮುದುಕ ಹುಟ್ಟನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕುಳಿತನು. ಕೊನೆಗೆ ದಂಡೆಯಲ್ಲಿದ್ದ ತನ್ನ ಮೊಮ್ಮಗನನ್ನು ಕರೆದು, “ಇದನ್ನ ನೆಳ್ಳಿಗಿ ಇಟ್ಟ ಕಾಯ್ಕೊಂಡ ಕುಂದರ” ಎಂದು ಒಪ್ಪಿಸಿದ ಮೇಲೆಯೇ ದೋಣಿ ಕದಲಿತು.

ನಡುಹೊಳೆಯಲ್ಲಿ ಅವನೇ ಹೇಳಿದನು: “ಸಿಟ್ಟ ಮಾಡಬ್ಯಾಡ್ರಿ. ನಾ ಸಣ್ಣಾವ ಇದ್ದಾಗ ಒಂದ ಮದುವಿ ಮಂದಿ ದಾಟತಿತ್ತು. ಕುಡದಾಂವ ಒಬ್ಬ ಕುಣೀತೇನಂತ ಎದ್ದ ನಿಂತ. ದೋಣಿ ವಾಲಿ ನೀರಿಗಿ ಬಿದ್ದ. ಅಂವನ್ನ ಹಿಡೀಲಾಕ ನಮ್ಮಣ್ಣ ಹಾರಿದ. ಕುಡದಾಂವ ಉಳದಾ ಬಿಡ್ರಿ. ನಮ್ಮಣ್ಣ ಮೂರನೇ ದಿನಕ್ಕ ತೇಲಿದ.”

ಯಾರೂ ಮಾತನಾಡಲಿಲ್ಲ. ಹುಟ್ಟಿನ ಸದ್ದೊಂದೇ ಕೇಳುತ್ತಿದ್ದಿತು.

ಕೋಪೇಶ್ವರನ ಗುಡಿ ಶಿಲಾಹಾರರ ಕಾಲದ್ದು, 12ನೆಯ ಶತಮಾನದ್ದು. ಸ್ವರ್ಗಮಂಟಪದ ಮಾಳಿಗೆಯ ನಡುವೆ ದುಂಡಗೆ ಆಕಾಶಕ್ಕೆ ತೆರೆದ ಬಾಯಿ. ಕೆಳಗೆ ನಿಂತರೆ ಬೆಳಕಿನ ಬಾವಿಯೊಳಗೆ ನಿಂತಂತೆ. ಇಲ್ಲಿ ಶಿವನ ಮುಂದೆ ನಂದಿಯಿಲ್ಲ. ದಕ್ಷನ ಯಜ್ಞಕ್ಕೆ ಸತಿ ನಂದಿಯನ್ನೇರಿ ಹೋದಳೆಂದೂ, ಆ ನಂದಿ ಚಿಕ್ಕೋಡಿ ಸೀಮೆಯ ಯಡೂರಿನಲ್ಲಿ ಉಳಿಯಿತೆಂದೂ, ಕೋಪಗೊಂಡ ಶಿವನನ್ನು ವಿಷ್ಣು ಇಲ್ಲಿ ಸಮಾಧಾನಪಡಿಸಿದನೆಂದೂ ಜನ ಹೇಳುತ್ತಾರೆ. ಗರ್ಭಗುಡಿಯಲ್ಲಿ ಅವರಿಬ್ಬರೂ ಲಿಂಗರೂಪದಲ್ಲಿದ್ದಾರೆ.

ಮಂಟಪದ ಕಲ್ಲಿನ ಮೇಲೆ ಕುಳಿತು ನನ್ನ ಮೈದುನ ತಾನಾಗಿಯೇ ಹೇಳತೊಡಗಿದನು: “ಮುದುಕನ ಮಾತು ನಮ್ಮ ಹಾಯಿದೋಣಿಯವರದೇ ಮಾತು. ಹಾಯಿಯ ಹಗ್ಗ ಹಿಡಿದವನು, ಚುಕ್ಕಾಣಿ ಹಿಡಿದವನು ದಡ ಸೇರುವವರೆಗೆ ಮುಟ್ಟಬಾರದು. ಬಿಸಿಲು, ಗಾಳಿ, ಓಲಾಟಗಳಿಂದಲೇ ಮೈ ಅರ್ಧ ದಣಿದಿರುತ್ತದೆ. ಅದರ ಮೇಲೆ ಒಂದು ಗುಟುಕು ಸಾಕು, ಕಾಲಿನ ಹಿಡಿತ ತಪ್ಪಲು. ಮೈ ಬೆಚ್ಚಗಾಯಿತೆಂದು ತೋರುವುದೂ ಸುಳ್ಳೇ. ನೆತ್ತರು ಚರ್ಮದ ಕಡೆಗೆ ಹರಿದು ಒಳಗಿನ ಕಾವು ಹೊರಗೆ ಹೋಗುತ್ತದೆ. ನೀರಿಗೆ ಬಿದ್ದವನಿಗೆ ಅದೇ ಮೃತ್ಯು.”

“ಬಿಯರ್ ಆದರೆ ಹಗುರವಂತಲ್ಲ?” ಎಂದು ನಾನು ಕೇಳಿದೆನು.

“ಎಲ್ಲರೂ ಮೋಸಹೋಗುವುದು ಅಲ್ಲಿಯೇ. ನೂರಕ್ಕೆ 5ರ ಪ್ರಮಾಣದ 650 ಮಿಲಿಲೀಟರಿನ ಒಂದು ಬಿಯರ್ ಸೀಸೆಯಲ್ಲಿ, 60 ಮಿಲಿಲೀಟರ್ ರಮ್ಮಿನಲ್ಲಿರುವುದಕ್ಕಿಂತ ಹೆಚ್ಚು ಮದ್ಯಸಾರವಿರುತ್ತದೆ. 30 ಮಿಲಿಲೀಟರ್ ರಮ್ಮನ್ನು ಅರಗಿಸಲು ಪಿತ್ತಜನಕಾಂಗಕ್ಕೆ ಒಂದು ಗಂಟೆಯಾದರೂ ಬೇಕು. ಚಹಾ ಕುಡಿದರೂ ತಣ್ಣೀರು ಮಿಂದರೂ ಅದು ಬೇಗ ಇಳಿಯದು. ಲಂಗರು ಹಾಕಿ, ಊಟಕ್ಕೆ ಕುಳಿತು, ಪಕ್ಕದಲ್ಲಿ ನೀರಿಟ್ಟುಕೊಂಡು ಒಂದು ಲೋಟ; ಅಲ್ಲಿಗೆ ಮುಗಿಸುವವನು ಒಳ್ಳೆಯ ನಾವಿಕ. ಇಷ್ಟೆಲ್ಲ ಬಲ್ಲ ನಾನು, ಸಣ್ಣ ಹೊಳೆಯೆಂದು ಉದಾಸೀನ ಮಾಡಿದೆ.”

ಹಿಂದಿರುಗುವಾಗ ದೋಣಿಯಲ್ಲಿ ನಮ್ಮ ಬುತ್ತಿಯ ಮಜ್ಜಿಗೆಯನ್ನೇ ಎಲ್ಲರೂ ಕುಡಿದೆವು. ಅಂಬಿಗನಿಗೂ ಒಂದು ಲೋಟ ಕೊಟ್ಟೆವು. ದಂಡೆಯಲ್ಲಿ ಹುಡುಗ ಬೇವಿನ ನೆರಳಿನಲ್ಲಿ ಹಾಗೆಯೇ ಕುಳಿತಿದ್ದನು. ಚೀಲ ಬಿಸಿಲಿಗೆ ಬೀಳದಂತೆ ನೆರಳು ಸರಿದಂತೆಲ್ಲ ಅದನ್ನೂ ಸರಿಸುತ್ತ ಬಂದಿದ್ದನಂತೆ. ನನ್ನ ಮೈದುನ ಅಂಬಿಗನಿಗೆ ಹೆಚ್ಚಿನ ಹಣ ಕೊಡಹೋದನು. ಮುದುಕ ಬಾಡಿಗೆಯನ್ನಷ್ಟೆ ಎಣಿಸಿಕೊಂಡು ಉಳಿದುದನ್ನು ಹಿಂದಿರುಗಿಸಿದನು.

ಆ ರಾತ್ರಿ ಕಾಗವಾಡದ ನೆಂಟರ ಮನೆಯಲ್ಲಿ ಉಳಿದೆವು. ಊಟವಾದ ಮೇಲೆ ಮಾಳಿಗೆಯ ಮೇಲೆ ಅವನು ಸೀಸೆಯನ್ನು ತೆಗೆದು ಚಂದ್ರನ ಬೆಳಕಿಗೆ ಹಿಡಿದು ನೋಡಿದನು. ಬೆರಳಗಲ ಸುರಿದು, ಅದರ ನಾಲ್ಕರಷ್ಟು ನೀರು ಬೆರೆಸಿ, ನಿಧಾನವಾಗಿ ಕುಡಿದು ಮುಚ್ಚಳ ಹಾಕಿದನು.

“ಇನ್ನಷ್ಟು ಬೇಡವೆ?” ಎಂದೆನು.

“ಬೇಡ. ಹೊಳೆ ಇನ್ನೂ ಕಣ್ಣಮುಂದೆಯೇ ಇದೆ” ಎಂದನು.