ಸದ್ದಿನ ಹೊರೆ

ಊರಿನಲ್ಲಿ ಉತ್ಸವವೆಂದರೆ ಎಲ್ಲರಿಗಿಂತ ಮೊದಲು ಬರುವವರು ಯಾರು? ದೇವಾಲಯದ ತಂತ್ರಿಗಳಲ್ಲ, ಮೇಳದ ಭಾಗವತರಲ್ಲ, ಅಧ್ಯಕ್ಷತೆ ವಹಿಸುವ ಗಣ್ಯರಂತೂ ಅಲ್ಲವೇ ಅಲ್ಲ. ಮೊದಲು ಬರುವವರು ಮೈಕಿನವರು. ಎಲ್ಲರಿಗಿಂತ ಕೊನೆಗೆ ಹೋಗುವವರೂ ಅವರೇ. ಈ ಬರುವುದಕ್ಕೂ ಹೋಗುವುದಕ್ಕೂ ನಡುವೆ ನಡೆದುದನ್ನು ಸಾವಿರ ಜನ ಕೇಳುತ್ತಾರೆ; ಬರುವುದನ್ನೂ ಹೋಗುವುದನ್ನೂ ಮಾತ್ರ ಯಾರೂ ನೋಡುವುದಿಲ್ಲ.

ಇಚಿಲಂಪಾಡಿಯಂಥ ಊರಿನಲ್ಲಿ ಈ ಬಂದುಹೋಗುವ ಕೆಲಸ ಸುಲಭದ್ದಲ್ಲ. ಹಿಂದೆ ಪುತ್ತೂರು ತಾಲೂಕಿಗೆ ಸೇರಿದ್ದು ಈಗ ಕಡಬ ತಾಲೂಕಿನಲ್ಲಿರುವ ಈ ಗ್ರಾಮ ಗುಂಡ್ಯ ಹೊಳೆಯ ದಡದಲ್ಲಿದೆ. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಗಡಗಡಿಸುವ ಲಾರಿಗಳಿಗೆ ನೆಲ್ಯಾಡಿ ಗೊತ್ತು. ಅಲ್ಲಿಂದ ಒಳಗೆ ತಿರುಗಿದರೆ ರಬ್ಬರು, ಅಡಿಕೆ, ಗುಡ್ಡ, ಮತ್ತೆ ಅಡಿಕೆ. ಪೇಟೆಯಲ್ಲಿರುವಂತೆ ಮನೆಗೆ ಮನೆ ತಾಗಿಕೊಂಡಿರುವ ಸಂಪ್ರದಾಯ ಇಲ್ಲಿಲ್ಲ. ಗುಡ್ಡದ ತಲೆಯ ಮೇಲೆ ರಸ್ತೆ, ತಗ್ಗಿನಲ್ಲಿ ತೋಟ, ತೋಟದ ನಡುವೆ ಒಂದು ತೋಡು, ತೋಡಿನ ಆಚೆ ಮನೆ. ಕರೆಯೋಲೆಯಲ್ಲಿ ‘ನಮ್ಮ ಮನೆಯ ಎದುರಿನ ಗದ್ದೆಯಲ್ಲಿ’ ಎಂದು ಅಚ್ಚಾಗಿರುವ ಒಂದು ಸಾಲಿನಲ್ಲಿ ಮೈಕಿನವರ ಪಾಲಿಗೆ ಎಷ್ಟು ಹೆಜ್ಜೆಗಳಿವೆಯೆಂಬುದು ಅಚ್ಚು ಹಾಕಿದವನಿಗೆ ತಿಳಿಯದು.

ಆ ಊರಿನ ಮೈಕಿನವರೊಬ್ಬರಿಗೆ ಐವತ್ತೈದು ದಾಟಿದೆ. ಹಿಂದೆ ಜನ ‘ಮೈಕಿನಣ್ಣ’ ಎನ್ನುತ್ತಿದ್ದರು. ಈಗಿನ ಹುಡುಗರು ‘ಸೌಂಡ್ಸಿನವರು’ ಎನ್ನುತ್ತಾರೆ. ಹೆಸರು ಬದಲಾದಂತೆ ಹೊರೆಯೂ ಬದಲಾಯಿತು. ಅವರು ವೃತ್ತಿ ಹಿಡಿದಾಗ ಇದ್ದುದು ಎರಡು ಅಲ್ಯೂಮಿನಿಯಮ್ ಹಾರ್ನು, ಅವುಗಳ ಹಿಂದೆ ತಿರುಪಿ ಕೂರಿಸುವ ಎರಡು ಯೂನಿಟ್ಟು, ಒಂದು ಅಹುಜಾ ಆಂಪ್ಲಿಫೈಯರು, ಎರಡು ಮೈಕು, ಒಂದು ಬ್ಯಾಟರಿ, ಒಂದು ಸುತ್ತು ವಯರು. ಇಬ್ಬರು ಆಳು ಇದ್ದರೆ ಇಡೀ ಧ್ವನಿಸಾಮ್ರಾಜ್ಯ ತಲೆಯ ಮೇಲೇರಿ ತೋಡು ದಾಟುತ್ತಿತ್ತು. ಹಾರ್ನನ್ನು ತೆಂಗಿನ ಮರಕ್ಕೆ ಕಟ್ಟಿದರೆ ಮೂರು ಗುಡ್ಡದಾಚೆಗೂ ‘ಹಲೋ, ಹಲೋ, ಮೈಕ್ ಟೆಸ್ಟಿಂಗ್’ ಎಂಬ ಮಂಗಳಾಚರಣೆ ಕೇಳಿಸುತ್ತಿತ್ತು. ಆ ಧ್ವನಿಯಲ್ಲಿ ಮಾಧುರ್ಯವಿರಲಿಲ್ಲ, ನಿಜ. ಮೂಗಿನಿಂದ ಮಾತನಾಡುವ ಮನುಷ್ಯನ ಹಾಗೆ ಅದೊಂದು ಕೀಚಲು. ಆದರೆ ಅದಕ್ಕೆ ಭಾರವೂ ಇರಲಿಲ್ಲ.

ಈಗ ಅದೇ ಮನುಷ್ಯರ ಸಾಮಾನಿನಲ್ಲಿ ಎಣಿಸಿದರೆ 27 ನಗ. ಹದಿನೆಂಟು ಅಂಗುಲದ ಸ್ಪೀಕರನ್ನು ಹೊಟ್ಟೆಯಲ್ಲಿಟ್ಟುಕೊಂಡ ‘ಬೇಸ್’ ಪೆಟ್ಟಿಗೆಗಳಿವೆ. ಅವುಗಳಲ್ಲಿ ಒಂದೊಂದೂ ಐವತ್ತು ಕಿಲೋಗೆ ಕಡಿಮೆಯಿಲ್ಲ. ಮೇಲಿನ ಪೆಟ್ಟಿಗೆಗಳು, ಅವನ್ನು ನಿಲ್ಲಿಸುವ ಮುಕ್ಕಾಲಿಗಳು, ಆಂಪ್ಲಿಫೈಯರುಗಳ ಕಬ್ಬಿಣದ ಗೂಡು, ಮಿಕ್ಸರು, ಜನರೇಟರು, ವಯರು ತುಂಬಿದ ಗೋಣಿಚೀಲಗಳು. ಇವನ್ನು ಪಿಕಪ್ಪಿಗೆ ಏರಿಸುವುದೇ ಒಂದು ಶಾಸ್ತ್ರ. ತಳಕ್ಕೆ ಬೈಹುಲ್ಲು, ಅದರ ಮೇಲೆ ಬೇಸ್ ಪೆಟ್ಟಿಗೆ. ಸ್ಪೀಕರಿನ ಬಾಯಿ ಬಾಯಿಗೆ ಎದುರಾಗಿರಬೇಕು, ಇಲ್ಲವಾದರೆ ಹೊಂಡಕ್ಕೆ ಚಕ್ರ ಬಿದ್ದಾಗ ಒಂದರ ಮೂಲೆ ಇನ್ನೊಂದರ ಹೊಟ್ಟೆ ಹರಿಯುತ್ತದೆ. ಮಿಕ್ಸರನ್ನು ಮಾತ್ರ ಚಾಲಕನ ಪಕ್ಕದಲ್ಲಿ ಮಗುವಿನಂತೆ ಕೂರಿಸಬೇಕು. ಎಲ್ಲಕ್ಕಿಂತ ಮುಖ್ಯ ಸೂತ್ರವೊಂದಿದೆ: ಕೊನೆಗೆ ಏರಿದ್ದು ಮೊದಲು ಇಳಿಯುತ್ತದೆ. ಆದ್ದರಿಂದ ಅಲ್ಲಿ ಮೊದಲು ಬೇಕಾದದ್ದನ್ನು ಇಲ್ಲಿ ಕೊನೆಗೆ ಏರಿಸಬೇಕು. ಮನೆ ಬಿಡುವಾಗಲೇ ಮುಂದಿನ ಗದ್ದೆಯನ್ನು ಕಣ್ಣಮುಂದೆ ಕಾಣಬಲ್ಲವನೇ ಒಳ್ಳೆಯ ಮೈಕಿನವನು.

ಹೊರೆ ಇಷ್ಟು ಬೆಳೆದುದು ಹೇಗೆ? ಅದಕ್ಕೆ ಮನುಷ್ಯನ ಕಿವಿಯೇ ಕಾರಣ. ಕಿವಿಗೆ ಸದ್ದು ಇಮ್ಮಡಿಯಾಯಿತೆಂದು ತೋರಬೇಕಾದರೆ ಯಂತ್ರದ ಶಕ್ತಿ ಸುಮಾರು ಹತ್ತು ಮಡಿಯಾಗಬೇಕು. ನೂರು ವಾಟಿನ ಆಟವನ್ನು ಕಳೆದ ವರ್ಷ ನೆರೆಯ ಊರಿನವರು ಕೇಳಿಸಿದ್ದರೆ, ಈ ವರ್ಷ ಅದರ ಎರಡರಷ್ಟು ಕೇಳಿಸಬೇಕೆಂಬ ಸಮಿತಿಯವರ ಛಲಕ್ಕೆ ಸಾವಿರ ವಾಟು ಬೇಕು. ಅದರ ಮುಂದಿನ ವರ್ಷದ ಛಲಕ್ಕೆ ಹತ್ತು ಸಾವಿರ. ಸಮಿತಿಯವರಿಗೆ ಅದು ಚೀಟಿಯ ಮೇಲಿನ ಒಂದು ಸೊನ್ನೆ. ಆ ಸೊನ್ನೆಯನ್ನು ಹೊತ್ತು ತೋಡು ದಾಟುವ ಬೆನ್ನಿಗೆ ಮಾತ್ರ ಅದು ಸೊನ್ನೆಯಲ್ಲ.

ಇದು ಇಚಿಲಂಪಾಡಿಗೆ ಮಾತ್ರ ಬಂದ ಕಷ್ಟವೂ ಅಲ್ಲ. 1915ರ ಡಿಸೆಂಬರ್ 24ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಜೆನ್ಸನ್ ಮತ್ತು ಪ್ರಿಡಮ್ ಎಂಬಿಬ್ಬರು ತಮ್ಮ ಧ್ವನಿವರ್ಧಕದಿಂದ ಬಯಲಿನಲ್ಲಿ ನೆರೆದ ಹತ್ತಾರು ಸಾವಿರ ಜನರಿಗೆ ಹಾಡು ಮಾತುಗಳನ್ನು ಕೇಳಿಸಿ ಬೆರಗುಗೊಳಿಸಿದರು. ಅಲ್ಲಿಂದ ಅರವತ್ತು ವರ್ಷ ಕಳೆಯುವುದರೊಳಗೆ, 1974ರಲ್ಲಿ, ಅದೇ ಸೀಮೆಯ ಗ್ರೇಟ್‌ಫುಲ್ ಡೆಡ್ ಎಂಬ ಸಂಗೀತ ತಂಡ ‘ಸದ್ದಿನ ಗೋಡೆ’ ಎಂದೇ ಹೆಸರಾದ ಧ್ವನಿವ್ಯವಸ್ಥೆಯೊಂದನ್ನು ಕಟ್ಟಿತು. ಅದರ ತೂಕ ಸುಮಾರು 75 ಟನ್. ಕೇಳಿದವರೆಲ್ಲ ಅಂಥ ಸ್ವಚ್ಛ ನಾದವನ್ನು ಹಿಂದೆ ಕೇಳಿರಲಿಲ್ಲವೆಂದರು. ಆದರೆ ಸಾಲು ಸಾಲು ಲಾರಿಗಳಲ್ಲಿ ಊರಿಂದೂರಿಗೆ ಅದನ್ನು ಸಾಗಿಸಿ, ಕಟ್ಟಿ, ಬಿಚ್ಚಿ, ತಂಡ ಹಣದಲ್ಲೂ ದೇಹದಲ್ಲೂ ಸೋತುಹೋಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಆ ಗೋಡೆ ಕೊನೆಯ ಬಾರಿ ಎದ್ದು ನಿಂತಿತು. ಕೇಳುವವರ ಕಿವಿಗೆ ತೃಪ್ತಿಯಾಗುವ ಮೊದಲೇ ಹೊರುವವರ ಹೆಗಲಿಗೆ ಸಾಕಾಗಿತ್ತು.

ಇಚಿಲಂಪಾಡಿಯ ಮೈಕಿನವರಿಗೂ ಸಾಕಾಗಿದ್ದ ಒಂದು ಮೇ ತಿಂಗಳು ಅದು. ತುಳುವರ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಅಂದಿಗೆ ಆಟ, ನೇಮ, ಅಂಕಗಳೆಲ್ಲ ಮುಗಿದು, ಗೆಜ್ಜೆ ಬಿಚ್ಚಿ, ಊರು ಮಳೆಗಾಲಕ್ಕೆ ಅಣಿಯಾಗುತ್ತದೆ. ಅದಕ್ಕೆ ಇನ್ನು ಕೆಲವೇ ದಿನಗಳಿದ್ದವು. ದೀಪಾವಳಿಯಿಂದ ಎತ್ತಿ ಇಳಿಸಿ ಅವರ ಸೊಂಟ ಹಿಡಿದುಕೊಂಡಿತ್ತು. ಮೂವತ್ತು ವರ್ಷ ಜೊತೆಗೆ ಹೊತ್ತ ಆಳು, “ಮುಂದಿನ ವರ್ಷಕ್ಕೆ ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಣ್ಣ” ಎಂದಾಗಿತ್ತು. ಮಗ ಮಂಗಳೂರಿನಲ್ಲಿ ಕೆಲಸಕ್ಕಿದ್ದ. ಸಾಮಾನನ್ನೆಲ್ಲ ಮಾರಿ ನೆಮ್ಮದಿಯಾಗಿರಬಾರದೇ ಎಂದು ಫೋನಿನಲ್ಲಿ ಕೇಳಿದ್ದ. ಕೊಳ್ಳುವವರೂ ಸಿಕ್ಕಿದ್ದರು. ಈ ಒಂದು ಆಟ ಮುಗಿದರೆ ಉತ್ತರ ಹೇಳುವುದೆಂದು ಅವರು ಮನಸ್ಸಿನಲ್ಲೇ ಅಂದುಕೊಂಡಿದ್ದರು.

ಆಟ ಒಂದು ತೋಟದ ಮನೆಯ ಹರಕೆಯದು. ಸಂಜೆ ಏಳಕ್ಕೆ ಆರಂಭವಾಗಿ ನಡುರಾತ್ರಿಗೆ ಮುಗಿಯುವ ಕಾಲಮಿತಿಯ ಬಯಲಾಟ. ಬೆಳಗಾಗುವವರೆಗೆ ಕುಣಿಯುತ್ತಿದ್ದ ಆಟಗಳು ಹಲವೆಡೆ ಮೊಟಕಾಗಿವೆ. ದೇಶಕ್ಕೆಲ್ಲ ಅನ್ವಯಿಸುವ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ವರ್ಷಕ್ಕೆ ಹದಿನೈದು ದಿನ ಮೀರದಂತೆ, ಸಾಂಸ್ಕೃತಿಕ ಹಾಗೂ ಧಾರ್ಮಿಕ ಸಂದರ್ಭಗಳಿಗೆ ನಡುರಾತ್ರಿಯವರೆಗೆ ಸರಕಾರ ರಿಯಾಯಿತಿ ಕೊಡಬಹುದು. ನಿಯಮ ಒಳ್ಳೆಯದೇ. ಪರೀಕ್ಷೆಗೆ ಓದುವ ಹುಡುಗನೂ ನಿದ್ರೆ ಬಾರದ ರೋಗಿಯೂ ಅದಕ್ಕೆ ಕೈಮುಗಿಯುತ್ತಾರೆ. ಆದರೆ “ಇನ್ನೂ ಸ್ವಲ್ಪ ಜೋರು ಕೊಡಿ” ಎನ್ನುವವರು ಸಮಿತಿಯವರು. ನಿಯಮ ಮೀರಿದರೆ ಠಾಣೆಯ ಪಾಲಾಗುವುದು ಮೈಕಿನವರ ಪೆಟ್ಟಿಗೆ.

ಮಧ್ಯಾಹ್ನ ಮೂರಕ್ಕೆ ಪಿಕಪ್ಪು ಗುಡ್ಡದ ಮೇಲೆ ನಿಂತಿತು. ಹೋಗುವಾಗ ಹೊರುವುದಕ್ಕೆ ಜನರಿಗೆ ಬರವಿರುವುದಿಲ್ಲ. ಮನೆಯ ಹುಡುಗರು, ನೆಂಟರ ಹುಡುಗರು, ತಲೆಗೆ ಬೈರಾಸಿನ ಸಿಂಬಿ ಸುತ್ತಿ ಗೆಲುವಿನಿಂದ ಬಂದರು. ತೋಡಿಗೆ ಅಡಿಕೆ ಮರದ ಸಂಕ. ಬೇಸ್ ಪೆಟ್ಟಿಗೆಯೊಂದಕ್ಕೆ ಮೂವರಂತೆ, ಒಬ್ಬ ಹಿಮ್ಮೊಗವಾಗಿ ಹೆಜ್ಜೆ ಇಡುತ್ತ, ಇನ್ನೊಬ್ಬ “ಬಲಕ್ಕೆ, ಬಲಕ್ಕೆ” ಎನ್ನುತ್ತ, ಒಂದೂವರೆ ಗಂಟೆಯಲ್ಲಿ 27 ನಗವೂ ಗದ್ದೆ ಸೇರಿದವು.

ವಯರು ಎಳೆಯುವಾಗ ಮೈಕಿನವರು ನೀರು ಕೇಳಲು ಮನೆಯ ಹಿಂಬದಿಗೆ ಹೋದರು. ಒಳಕೋಣೆಯ ಕಿಟಕಿಯಿಂದ ಮುದುಕಿಯೊಬ್ಬಳ ದನಿ ಬಂತು. ಮನೆಯ ಹಿರಿಯಮ್ಮ, ಜಾರಿ ಬಿದ್ದು ಹಾಸಿಗೆ ಹಿಡಿದು ಮೂರು ವರ್ಷವಾಗಿತ್ತು.

“ಮೈಕಿನವರೋ? ಇವತ್ತು ಯಾವ ಪ್ರಸಂಗ ಮಗಾ?” ಎಂದು ತುಳುವಿನಲ್ಲಿ ಕೇಳಿದಳು.

ಅವರು ಹೇಳಿದರು.

“ಹೋದ ಸಲವೂ ಆಟ ಇತ್ತು. ಇಲ್ಲಿಗೆ ಚೆಂಡೆ ಮಾತ್ರ ಕೇಳುವುದು. ಯಾರು ಬಂದರು, ಏನು ಮಾತಾಡಿದರು, ಒಂದೂ ಗೊತ್ತಾಗುವುದಿಲ್ಲ.”

ಅದು ದೂರಾಗಿರಲಿಲ್ಲ, ವರ್ತಮಾನ ಹೇಳಿದಂತಿತ್ತು. ಮಾತು ಸತ್ಯವೂ ಆಗಿತ್ತು. ಮಂದ್ರದ ಗುಡುಗು ಮಣ್ಣಿನ ಗೋಡೆಯನ್ನೂ ದಾಟಿ ಬರುತ್ತದೆ. ಚೆಂಡೆ ತನ್ನ ಬಲದಿಂದಲೇ ನುಗ್ಗುತ್ತದೆ. ಆದರೆ ಮಾತಿಗೆ ಅರ್ಥ ಕೊಡುವ ಕ, ತ, ಸಗಳ ಸಣ್ಣ ಮೊನೆಗಳು ಮರ ಗೋಡೆಗಳಿಗೆ ತಾಗಿ ಉದುರಿಹೋಗುತ್ತವೆ. ಗದ್ದೆಯಲ್ಲಿ ಇನ್ನೂ ನಾಲ್ಕು ಬೇಸ್ ಪೆಟ್ಟಿಗೆ ಇಟ್ಟರೂ ಆ ಕೋಣೆಗೆ ಬರುತ್ತಿದ್ದುದು ಇನ್ನಷ್ಟು ಗುಡುಗೇ ಹೊರತು ಒಂದು ಮಾತಲ್ಲ.

ಸದ್ದಿಗೆ ಇನ್ನೊಂದು ಗುಣವೂ ಉಂಟು. ಬಯಲಿನಲ್ಲಿ ಸದ್ದಿನ ಮೂಲವನ್ನು ಕೇಳುವವನಿಗೆ ಹತ್ತು ಮಡಿ ಹತ್ತಿರ ತಂದರೆ ನೂರರಲ್ಲೊಂದು ಪಾಲು ಶಕ್ತಿ ಸಾಕು. ಮೈಕಿನವರು ಇದನ್ನು ಯಾವ ಪುಸ್ತಕದಲ್ಲೂ ಓದಿದವರಲ್ಲ. ಅವರ ಕೈಗೆ ಗೊತ್ತಿತ್ತು. ಭಾಗವತರ ಮುಂದಿಡಲೆಂದು ತಂದಿದ್ದ ಚಿಕ್ಕ ಪೆಟ್ಟಿಗೆಗಳಲ್ಲಿ ಒಂದನ್ನು ಕಂಕುಳಲ್ಲಿ ಇರುಕಿಕೊಂಡು, ಒಂದು ಸುತ್ತು ವಯರು ಎಳೆದು, ಒಳಕೋಣೆಯ ಕಿಟಕಿಯ ಕಟ್ಟೆಯ ಮೇಲಿಟ್ಟರು. ಸದ್ದನ್ನು ಎಷ್ಟು ತಗ್ಗಿಸಿದರೆಂದರೆ ಪಕ್ಕದ ಚಾವಡಿಯಲ್ಲಿ ಎಲೆ ಹಾಕುತ್ತಿದ್ದವರಿಗೂ ಅದು ಕೇಳಿಸಲಿಲ್ಲ. ಈ ಪೆಟ್ಟಿಗೆ ಸಮಿತಿಯ ಚೀಟಿಯಲ್ಲಿರಲಿಲ್ಲ. ಆದ್ದರಿಂದ ಅದಕ್ಕೆ ಬಾಡಿಗೆಯೂ ಇರಲಿಲ್ಲ.

ಆಟ ಚೆನ್ನಾಗಿಯೇ ನಡೆಯಿತು. ಮಂಗಳ ಹಾಡುವ ಹೊತ್ತಿಗೆ ಘಟ್ಟದ ಕಡೆ ಮಿಂಚಿತು. ಮೊದಲ ಹನಿ ಬಿದ್ದಾಗ ಗದ್ದೆಯಲ್ಲಿದ್ದವರು ಕುರ್ಚಿಯನ್ನು ತಲೆಯ ಮೇಲಿಟ್ಟು ಓಡಿದರು. ಸಂಜೆ ಸಿಂಬಿ ಸುತ್ತಿ ಬಂದಿದ್ದ ಹುಡುಗರು ಎಲ್ಲಿ ಕರಗಿದರೋ! ಬರುವಾಗ ಹನ್ನೆರಡು ಹೆಗಲು, ಹೋಗುವಾಗ ಮೂರು: ಮೈಕಿನವರದು, ಹಳೆಯ ಆಳಿನದು, ಪಿಕಪ್ಪಿನ ಚಾಲಕನದು. ಜನರನ್ನು ಆಕ್ಷೇಪಿಸುವುದೂ ಹೇಗೆ? ನಾಳೆ ಬೆಳಗಾದರೆ ಅವರಿಗೂ ಅವರವರ ಕೆಲಸವಿತ್ತು. ಮುಗಿದ ಹಬ್ಬದ ಹೊರೆ ಯಾವ ಊರಿನಲ್ಲೂ ಯಾರದೂ ಅಲ್ಲ.

ಸ್ಪೀಕರಿನ ಕಾಗದದ ಬಾಯಿಗೆ ನೀರು ಬಿದ್ದರೆ ಮುಗಿಯಿತು. ಟರ್ಪಾಲನ್ನು ಪೆಟ್ಟಿಗೆಗಳಿಗೆ ಹೊದಿಸಿ ಮೂವರೂ ತಾವು ನೆನೆದರು. ಒಂದೊಂದನ್ನೇ ಎತ್ತಿ, ಜಾರುವ ಸಂಕದ ಮೇಲೆ ಅಂಗೈಯಗಲದ ಹೆಜ್ಜೆ ಇಟ್ಟು ದಾಟಿಸಿದರು. ತೋಡು ಕೆಂಪಾಗಿ ಏರುತ್ತಿತ್ತು. ಎರಡು ಗಂಟೆ ಕಳೆದು ಗುಡ್ಡದ ಮೇಲೆ ನಿಂತು ಟಾರ್ಚು ಹಿಡಿದು ಎಣಿಸಿದರೆ 26.

“ವಯರಿನ ಚೀಲವಿರಬೇಕು, ನಾಳೆ ನೋಡುವ” ಎಂದ ಆಳು, ಸೊಂಟ ಹಿಡಿದುಕೊಂಡು.

ಚೀಲವಾಗಿರಲಿಲ್ಲ. ಮೈಕಿನವರು ಏನೂ ಹೇಳದೆ ಮತ್ತೆ ಇಳಿದರು. ಸಂಕಕ್ಕೂ ನೀರಿಗೂ ಒಂದು ಗೇಣು ಉಳಿದಿತ್ತು. ಮನೆಯಲ್ಲಿ ದೀಪ ಆರಿತ್ತು. ಹಿಂಬದಿಯ ಕಿಟಕಿಗೆ ಕೈಹಾಕಿ ಸದ್ದಾಗದಂತೆ ಪೆಟ್ಟಿಗೆಯನ್ನು ಎತ್ತಿಕೊಳ್ಳುತ್ತಿದ್ದಾಗ ಒಳಗಿನಿಂದ ದನಿ ಬಂತು. ಹಿರಿಯಮ್ಮನಿಗೆ ನಿದ್ರೆ ಬಂದಿರಲಿಲ್ಲ.

“ಇವತ್ತು ಮಾತು ಕೇಳಿತು ಮಗಾ. ಎಲ್ಲ ಕೇಳಿತು.” ಸ್ವಲ್ಪ ತಡೆದು ಮತ್ತೆ ಹೇಳಿದಳು: “ಆ ಮುನಿಯ ವೇಷದವನು ನಡುವೆ ಒಮ್ಮೆ ತಪ್ಪಿದ. ಗೊತ್ತಾಯಿತಾ ನಿನಗೆ?”

ಮೈಕಿನವರಿಗೆ ಗೊತ್ತಾಗಿರಲಿಲ್ಲ. ಗದ್ದೆಯಲ್ಲಿ ಸಾವಿರ ಜನರಲ್ಲಿ ಯಾರಿಗಾದರೂ ಗೊತ್ತಾಗಿತ್ತೋ ಇಲ್ಲವೋ. “ಇಲ್ಲ ಅಮ್ಮ” ಎಂದರು. ಕತ್ತಲೆಯಲ್ಲಿ ಆಕೆ ತೃಪ್ತಿಯಿಂದ ನಕ್ಕದ್ದು ಕೇಳಿಸಿತು. ಅದಕ್ಕೆ ಯಾವ ಯಂತ್ರವೂ ಬೇಕಾಗಲಿಲ್ಲ.

ಪತ್ತನಾಜೆ ಕಳೆಯಿತು. ಸಾಮಾನು ಮನೆಯ ಹಿಂದಿನ ಕೊಟ್ಟಿಗೆಯನ್ನು ಸೇರಿತು. ಮಳೆಗಾಲದಲ್ಲಿ ಅದಕ್ಕೂ ಶುಶ್ರೂಷೆ ಬೇಕು: ಇಲಿ ವಯರು ಕಡಿಯದಂತೆ ಎತ್ತರದಲ್ಲಿ ತೂಗುಹಾಕಬೇಕು, ಕಾಗದಕ್ಕೆ ಬೂಸಲು ಹಿಡಿಯದಂತೆ ಆಗಾಗ ಒಂದು ಬಲ್ಬು ಉರಿಸಿ ಬೆಚ್ಚಗಿಡಬೇಕು. ಕೊಳ್ಳಲು ಬಂದವರಿಗೆ ಅವರು ಬೇಸ್ ಪೆಟ್ಟಿಗೆಗಳಲ್ಲಿ ಅರ್ಧದಷ್ಟನ್ನು ಕೊಟ್ಟರು. ಉಳಿದದ್ದನ್ನು ಕೊಡಲಿಲ್ಲ. ಆ ಹಣದಲ್ಲಿ ಚಿಕ್ಕ ಪೆಟ್ಟಿಗೆಗಳನ್ನು ಕೊಂಡರು. ಒಬ್ಬನೇ ಒಂದು ಕೈಯಲ್ಲಿ ಹಿಡಿದು ಸಂಕ ದಾಟಬಹುದಾದವು. ಒಂದೇ ಕಡೆ ಗೋಡೆ ಕಟ್ಟುವ ಬದಲು ಜನ ಕೂತಲ್ಲಿಗೆ ಒಂದೊಂದನ್ನು ಒಯ್ದಿಟ್ಟರೆ ಸದ್ದೂ ಕಡಿಮೆ, ಮಾತೂ ಸ್ಪಷ್ಟ. ಎದೆ ನಡುಗುವಂಥ ಸದ್ದು ಬೇಕೆನ್ನುವ ಕೆಲವು ಸಮಿತಿಗಳು ಬೇರೆಯವರನ್ನು ಹುಡುಕಿಕೊಂಡವು. ಅದರಿಂದ ಆದಾಯ ಕುಗ್ಗಿತು. ಹಳೆಯ ಆಳು ಮಾತ್ರ, “ಇಷ್ಟೇ ಆದರೆ ಇನ್ನೆರಡು ವರ್ಷ ನಾನೂ ಇದ್ದೇನೆ ಅಣ್ಣ” ಎಂದ.

ದೀಪಾವಳಿ ಕಳೆದು ಪಿಕಪ್ಪು ಮತ್ತೆ ಹೊರಟಿತು. ಏರಿಸುವ ಕ್ರಮದಲ್ಲಿ ಒಂದೇ ಒಂದು ಬದಲಾವಣೆ. ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದ ಆ ಚಿಕ್ಕ ಪೆಟ್ಟಿಗೆಯನ್ನು ಈಗ ಎಲ್ಲಕ್ಕಿಂತ ಕೊನೆಗೆ ಏರಿಸುತ್ತಾರೆ. ಹೋದಲ್ಲಿ ಅದು ಮೊದಲು ಇಳಿಯುತ್ತದೆ. ಮೈಕಿನವರು ಅದನ್ನು ಕಂಕುಳಲ್ಲಿ ಇರುಕಿಕೊಂಡು, ನೀರು ಕೇಳುವ ನೆಪದಲ್ಲಿ, ಮನೆಯ ಹಿಂಬದಿಗೆ ಹೋಗುತ್ತಾರೆ.