ಶೇಷಪರ್ವತದ ಹಿಂದಿನ ಕಾಡು

ಮಂಜು ಒಂದೇ ಏಟಿಗೆ ಕವಿಯಿತು. ಕುಮಾರಪರ್ವತದ ನೆತ್ತಿಯಿಂದ ಇಳಿದು ಶೋಲಾ ಕಾಡಿಗೆ ಕಾಲಿಟ್ಟಿದ್ದೆವಷ್ಟೆ. ಮುಂದೆ ಹೋಗುತ್ತಿದ್ದ ಗೆಳೆಯನ ಬೆನ್ನಿನ ಚೀಲ ಕಣ್ಣೆದುರೇ ಕರಗಿಹೋಯಿತು. ಕೂಗಿದೆ. ಓಗೊಟ್ಟ. ಆದರೆ ದನಿ ಬಂದದ್ದು ಎಡದಿಂದಲೋ ಬಲದಿಂದಲೋ ತಿಳಿಯಲಿಲ್ಲ.

ಬೆಳಿಗ್ಗೆ ಕುಕ್ಕೆ ಸುಬ್ರಹ್ಮಣ್ಯದಿಂದ ಹತ್ತಲು ತೊಡಗಿದಾಗ ಆಕಾಶ ತೊಳೆದಿಟ್ಟಂತಿತ್ತು. ಗಿರಿಗದ್ದೆ, ಕಲ್ಲುಮಂಟಪ, ಆಮೇಲೆ ನೆರಳೇ ಇಲ್ಲದ ಹುಲ್ಲುಗುಡ್ಡ, ಶೇಷಪರ್ವತ, ಅದರ ಹಿಂದೆ ಈ ಕಾಡು. 1712 ಮೀಟರ್ ಎತ್ತರದ ಶಿಖರವನ್ನು ಒಂದೇ ದಿನದಲ್ಲಿ ಹತ್ತಿ ಇಳಿಯುವುದೆಂದರೆ ಇಪ್ಪತ್ತೈದು ಕಿಲೋಮೀಟರಿನ ಹತ್ತಿರ ನಡಿಗೆ. ಮೇಲೆ ಡೇರೆ ಹಾಕುವಂತಿಲ್ಲ. ಕತ್ತಲಾಗುವ ಮೊದಲು ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಮುಟ್ಟಲೇಬೇಕು.

ಈಗ ದಾರಿಯೇ ಇಲ್ಲ! ಮಳೆ ಶುರುವಾಯಿತು. ಶೂ ಒಳಗೆ ಇಂಬಳ ನುಗ್ಗಿ ಕಾಲುಚೀಲ ಕೆಂಪಾಗಿತ್ತು, ಕೀಳಲು ಪುರುಸೊತ್ತಿಲ್ಲ. ಕೆಳಗೆಲ್ಲೋ ತೊರೆ ಹರಿಯುವ ಸದ್ದು. "ನೀರಿನ ಜಾಡು ಹಿಡಿದರೆ ಊರು ಸಿಕ್ಕೀತು" ಎಂದು ಗೆಳೆಯ ಆಗಲೇ ಎರಡು ಹೆಜ್ಜೆ ಇಳಿದಿದ್ದ.

"ಬೇಡ ಮಾರಾಯ್ರೇ! ಒಂದು ಹೆಜ್ಜೆಯೂ ಇಡ್ಬೇಡಿ!" ಜೊತೆಗೆ ಬಂದಿದ್ದ ಸುಬ್ರಹ್ಮಣ್ಯದ ಹುಡುಗ ಅವನ ರಟ್ಟೆ ಹಿಡಿದು ಎಳೆದ. "ಇಲ್ಲಿ ನೀರು ಊರಿಗೆ ಹೋಗುವುದಲ್ಲ, ಪ್ರಪಾತಕ್ಕೆ ಹಾರುವುದು."

ಅವನ ಮಾತು ನೂರಕ್ಕೆ ನೂರು ಸತ್ಯ. ಇದೇ ಬೆಟ್ಟಸಾಲಿನ ಕುಮಾರಧಾರೆ ಮಲ್ಲಳ್ಳಿಯಲ್ಲಿ ಹೇಗೆ ಧುಮುಕುತ್ತದೆಂದು ನೋಡಿದವರಿಗೆ ಗೊತ್ತು. ಘಟ್ಟದ ತೊರೆ ಮೊದಲು ಮೆಲ್ಲಗೆ ಕರೆದೊಯ್ಯುತ್ತದೆ. ಪಾಚಿಗಟ್ಟಿದ ಬಂಡೆಯ ಮೇಲೆ ಒಮ್ಮೆ ಜಾರಿ ಇಳಿದರೆ ಮರಳಿ ಹತ್ತಲಾಗದು, ಮುಂದಿನದು ಬರೀ ಗಾಳಿ. ಕಾಡಿನಲ್ಲಿ ದಾರಿ ತಪ್ಪಿದವರಿಗೆ ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿಲ್ಲ.

ನಿಂತೆವು. ನಡುಗುತ್ತ, ಒಬ್ಬರ ಕೈ ಒಬ್ಬರು ಹಿಡಿದು ನಿಂತೆವು. ಹುಡುಗ ಮಂಡಿಯೂರಿ ತರಗೆಲೆಗಳ ಮೇಲೆ ಅಂಗೈ ಆಡಿಸತೊಡಗಿದ. ಒಂದು ಕಡೆ ಎಲೆಗಳು ಇಡಿಯಾಗಿ, ಮೆತ್ತಗೆ ಉಬ್ಬಿಕೊಂಡಿದ್ದವು. ಇನ್ನೊಂದು ಕಡೆ ಮುರಿದು, ಚೂರಾಗಿ, ಮಣ್ಣಿಗೆ ಅಂಟಿದ್ದವು. ಅಲ್ಲೇ ಕೆಸರಿನಲ್ಲಿ ಒಂದು ಶೂ ಅಚ್ಚು, ಅದರ ಗೀರುಗಳಲ್ಲಿ ಮಳೆನೀರು. ಬೆಳಿಗ್ಗೆ ನಾವೇ ತುಳಿದು ಬಂದ ದಾರಿ!

ಮೇಲಕ್ಕೆ, ಮತ್ತೆ ಮೇಲಕ್ಕೆ. ಬೇರು ಹಿಡಿದು, ಬಂಡೆ ತಬ್ಬಿ ಏರಿದೆವು. ಮರಗಳು ಮುಗಿದದ್ದೇ ಗಾಳಿ ಎದೆಗೆ ಗುದ್ದಿತು. ಶೇಷಪರ್ವತದ ಏಣು! ಅಂಚಿನಿಂದ ದೂರ ಸರಿದು, ಹುಲ್ಲು ಸವೆದ ಗೆರೆ ಬಿಡದೆ, ಬಿದ್ದು ಎದ್ದು ಓಡಿದೆವು. ಕಲ್ಲುಮಂಟಪದ ಕಂಬ ಕೈಗೆ ತಗುಲಿದಾಗ ಗೆಳೆಯ ಅತ್ತುಬಿಟ್ಟ.

ಚೆಕ್‌ಪೋಸ್ಟಿನಲ್ಲಿ ಕಾವಲುಗಾರ ಟಾರ್ಚ್ ಹಿಡಿದು ಕಾಯುತ್ತಿದ್ದ. ತಲೆ ಎಣಿಸಿದ, ಪುಸ್ತಕದಲ್ಲಿ ಗುರುತು ಹಾಕಿದ. ಕುಕ್ಕೆಗೆ ಇನ್ನೂ ಕಾಡಿನ ಇಳಿಜಾರು ಬಾಕಿಯಿತ್ತು. ಇಂಬಳ ಕಿತ್ತೆಸೆದು, ಶೂ ದಾರ ಬಿಗಿದು ಎದ್ದೆವು.