ಚಕ್ಕಡಿಗೆಂದು ಕಡಿದ ಜಾಲಿ

ಆನೆಗೊಂದಿಯ ಹರಿಗೋಲಿನಲ್ಲಿ ಬಡಿಗನಿಗೆ ಕೆಲಸವೇ ಇಲ್ಲ. ಬಿದಿರು ಹೆಣೆದು, ಪ್ಲಾಸ್ಟಿಕ್ ಹಾಳೆ ಹೊದಿಸಿ, ಡಾಂಬರು ಬಳಿದರೆ ಮುಗಿಯಿತು. 1520ರ ಆಸುಪಾಸಿನಲ್ಲಿ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಇಲ್ಲಿ ಕಂಡದ್ದೂ ಇಂಥ ಬುಟ್ಟಿಯನ್ನೇ. ಆಗ ಹೊದಿಕೆ ಚರ್ಮದ್ದು. 15-20 ಜನ ಒಮ್ಮೆಗೇ ದಾಟುತ್ತಿದ್ದರಂತೆ. ಹೊಳೆ ಕುಲುಕಿದಂತೆ ಕುಲುಕುವುದು ಹರಿಗೋಲಿನ ಗುಣ. ಎಂಜಿನ್ನಿಗೆ ಅದು ಆಗಿಬರುವುದಿಲ್ಲ. ಅದಕ್ಕೆ ಅಲುಗಾಡದ ನೆಲೆ ಬೇಕು.

ನಮ್ಮ ಅಂಬಿಗರ ಕಾಕಾ ಕರಾವಳಿ ಕಡೆಯಿಂದ ಒಂದು ಹಳೆಯ ಮರದ ದೋಣಿ ತಂದಾಗ ಈ ಮಾತು ನಮಗೆ ಸರಿಯಾಗಿ ತಿಳಿಯಿತು. ಹೆಬ್ಬಲಸಿನ ಹಲಗೆಗಳು ಇನ್ನೂ ಗಟ್ಟಿಯಾಗಿದ್ದವು. ಆದರೆ ಡೀಸೆಲ್ ಎಂಜಿನ್ ಕೂರುವ ಎರಡು ತೊಲೆಗಳಿಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಬೆಣ್ಣೆಗೆ ಚುಚ್ಚಿದಂತೆ ಇಳಿಯುತ್ತಿತ್ತು. ವರ್ಷಗಟ್ಟಲೆ ಎಣ್ಣೆ ಬೆರೆತ ನೀರಿನಲ್ಲಿ ನೆನೆದಿದ್ದವು. ತೊಲೆ ಮೆತ್ತಗಾದರೆ ಬೋಲ್ಟು ಸಡಿಲ. ಬೋಲ್ಟು ಸಡಿಲವಾದರೆ ಎಂಜಿನ್ನಿಗೂ ಪಂಖಕ್ಕೂ ನಡುವಿನ ಕಬ್ಬಿಣದ ದಂಡ ಓರೆ. ದಂಡ ಓರೆಯಾದರೆ ಅದು ಹೊರಗೆ ಹೋಗುವ ತೂತಿನಿಂದ ನೀರು ಒಳಗೆ. ಡ್ಯಾಮಿನಿಂದ ನೀರು ಬಿಟ್ಟ ದಿನ, ಜನ ಕೂತಿರುವಾಗ, ನಡು ಹೊಳೆಯಲ್ಲಿ ಎಂಜಿನ್ ನಿಂತರೆ ಏನಾಗುತ್ತದೆಂದು ಕಾಕಾಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಗಂಗಾವತಿಯ ಸಾ ಮಿಲ್ಲಿನಲ್ಲಿ ಎಲ್ಲರದೂ ಒಂದೇ ಮಾತು: ಸಾಗವಾನಿ. ತಪ್ಪೇನಲ್ಲ, ಅದು ನೀರಿಗೆ ತಡೆಯುವ ಮರ. ಆದರೆ ಕೇಳಿದ ರೇಟಿಗೆ ಕಾಕಾ ಮಾತಾಡದೆ ಹೊರಬಂದರು. ನೀಲಗಿರಿ ಅಗ್ಗ, ಒಣಗುತ್ತ ಸೀಳುತ್ತದೆ. ಬಳ್ಳಾರಿ ಜಾಲಿ ನಮ್ಮಲ್ಲಿ ಬೇಡವೆಂದರೂ ಬೆಳೆಯುತ್ತದೆ, ಕಬ್ಬಿಣದಂಥ ಕಟ್ಟಿಗೆ. ಆದರೆ ಏಳಡಿ ನೇರ ತುಂಡು ಅದರಲ್ಲಿ ಹುಡುಕುವುದು ನಾಯಿಬಾಲದಲ್ಲಿ ನೇರ ಹುಡುಕಿದಂತೆ.

ಕೊನೆಗೆ ಯಲಬುರ್ಗಾ ಕಡೆಯ ಒಬ್ಬ ಬಡಿಗೇರ ಅಜ್ಜನ ಹತ್ತಿರ ಹೋದೆವು. ಅಜ್ಜ ಯಾವ ಮರ ಬೇಕೆಂದು ಕೇಳಲೇ ಇಲ್ಲ.

"ಎಂಜಿನ್ ಹೆಂಗ ಕುಂತಿರತೈತಿ? ಅದನ್ನ ಮೊದಲ ಹೇಳ್ರಿ."

ಕಾಕಾ ನೆಲದ ಮೇಲೆ ಗೆರೆ ಎಳೆದು ತೋರಿಸಿದರು.

"ಹಂಗಾರ ಇದು ಗಾಲಿ ಗುಂಬದ ಕೆಲಸ ನೋಡ್ರಿ. ಮ್ಯಾಲಿಂದ ಭಾರ, ಮ್ಯಾಲ ಒಂದಾ ಸವನ ಬಡತ. ಬೋಲ್ಟಿನ ಬುಡಕ ಕಟಿಗಿ ಅದುಮಬಾರದು. ಅದಕ್ಕ ಕರಿಜಾಲಿ."

ಗುಂಬಕ್ಕೆ, ಕುಂಟೆಗೆ, ಗಾಣಕ್ಕೆ ನಮ್ಮ ಕಡೆ ಜಾಲಿಯನ್ನು ಆರಿಸುತ್ತಿದ್ದುದು ಇದೇ ಕಾರಣಕ್ಕೆ. (ಅದರ ತೊಗಟೆಯ ಒಗರಿನಲ್ಲಿ ಚರ್ಮವನ್ನೂ ಹದ ಮಾಡುತ್ತಿದ್ದರು.) ಗಂಗಾವತಿ ಸುತ್ತ ಕಾಲುವೆ ಬಂದು ಹೊಲ ಗದ್ದೆಯಾದ ಮೇಲೆ ಬದುವಿನ ದೊಡ್ಡ ಜಾಲಿಗಳು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ಕುಷ್ಟಗಿ, ಯಲಬುರ್ಗಾದ ಎರಿ ಹೊಲಗಳಲ್ಲಿ ಇನ್ನೂ ಅಲ್ಲಲ್ಲಿ ಇವೆ. ಅಜ್ಜನ ಛಪ್ಪರದಲ್ಲಿ ಎರಡು ದಿಮ್ಮಿ ಇದ್ದವು, ಚಕ್ಕಡಿಗೆಂದು ಕಡಿದವು. ಒಂದು ಮಳೆಗಾಲ ಪೂರ್ತಿ ಹಳ್ಳದ ನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ನೆರಳಿನಲ್ಲಿ ಒಣಗಿಸಿದ್ದರು. ಹಾಗೆ ನೆನೆಸದ ಜಾಲಿಗೆ ಹುಳ ಬೀಳುತ್ತದೆ. ಚಕ್ಕಡಿ ಕೇಳುವವರು ಬಾರದೆ ಅವು ಅಲ್ಲೇ ಉಳಿದಿದ್ದವು.

ಅಜ್ಜ ಹೊರಗಿನ ಬಿಳಿ ಭಾಗವನ್ನೆಲ್ಲ ಕೆತ್ತಿ ಹಾಕಿದರು. ನಡುವಿನ ತಿರುಳೂ ಬೇಡ, ಅದು ಬಿರಿಯುತ್ತದೆ. ಉಳಿದ ಕೆಂಪು ಕೆಚ್ಚಿನಲ್ಲಿ, ಬೋಲ್ಟು ಬರುವ ಜಾಗದಲ್ಲಿ ಗಂಟು ಇಲ್ಲದಂತೆ, ಎಳೆ ಉದ್ದಕ್ಕೆ ಓಡುವಂತೆ ಗುರುತು ಹಾಕಿದರು. ತೊಲೆ ಎಂಜಿನ್ನಿನಷ್ಟೇ ಉದ್ದ ಸಾಲದು. ಹಿಂದೆ ಮುಂದೆ ಇನ್ನೆರಡು ಪಕ್ಕೆಲುಬುಗಳ ಮೇಲೆ ಚಾಚಿದರೇ ಭಾರ ಹಂಚುತ್ತದೆ ಎಂದರು. ದೋಣಿಯನ್ನೇ ಕಾಣದ ಮನುಷ್ಯ! ಜಾಲಿಯ ಒಗರಿಗೆ ಕಬ್ಬಿಣ ಕರ್ರಗಾಗುತ್ತದೆಂದು ಮೇಸ್ತ್ರಿ ಸತು ಬಳಿದ ಬೋಲ್ಟು, ಅಗಲ ವಾಷರ್ ಹಾಕಿದರು. ಅಷ್ಟಕ್ಕೇ ಎರಡು ಡ್ರಿಲ್ ಬಿಟ್ಟು ಮುರಿದವು.

ಒಂದು ವಾರ ಖಾಲಿ ದೋಣಿ ಓಡಿಸಿದರು. ಬೋಲ್ಟು ಮತ್ತೆ ಬಿಗಿಯಲು ಕಾಕಾ ಪಾನಾ ಹಾಕಿ ಎರಡೂ ಕೈಯಿಂದ ಜಗ್ಗಿದರು. ಅದು ಕಾಲು ಸುತ್ತೂ ತಿರುಗಲಿಲ್ಲ.